ಕಂಪನಿ ಸೆಟ್ಟೂ ದಸ್ತಗೀರನ ಡಬ್ಬಿಯೂ

ಪ್ರತಿ ಮನುಷ್ಯನಿಗೂ ತನ್ನ ದೇಹದ ಯಾವುದಾದರೊಂದು ಭಾಗದ ಮೇಲೆ ಗುಟ್ಟಾದ ಅಭಿಮಾನ ಇರುತ್ತದೆ. ಕೆಲವರಿಗೆ ಮೂಗಿನ ಮೇಲೆ, ಕೆಲವರಿಗೆ ಮೀಸೆಯ ಮೇಲೆ. ನನ್ನ ಸೋದರಮಾವನೊಬ್ಬನಿಗೆ ನಾಲಗೆಯ ಮೇಲೆ ಅಭಿಮಾನ. ಒಂದು ಗುಟುಕು ನೀರು ಕುಡಿದು ಅದು ಯಾವ ಊರಿನ ಬಾವಿಯದೆಂದು ಹೇಳುತ್ತಿದ್ದ. ಯಾರೂ ಬಾವಿಯ ತನಕ ಹೋಗಿ ವಿಚಾರಿಸದಿದ್ದುದರಿಂದ ಅವನ ಕೀರ್ತಿ ಕೊನೆಯವರೆಗೂ ಹಾಗೇ ಉಳಿಯಿತು. ನನ್ನ ಅಭಿಮಾನ ಕಿವಿಯ ಮೇಲೆ. ನಿಲ್ದಾಣಕ್ಕೆ ಗಾಡಿ ಬರುವ ಮೊದಲೇ ಅದಕ್ಕೆ ಯಾವ ಎಂಜಿನ್ ಹಚ್ಚಿದ್ದಾರೆಂದು ನಾನು ಹೇಳಬಲ್ಲೆ. ಪಡಸಾಲೆಯಲ್ಲಿ ಕುಳಿತು, ಒಳಗೆ ರೊಟ್ಟಿ ಬಡಿಯುವ ಸಪ್ಪಳದಿಂದಲೇ ಹೆಂಡತಿಯ ಮನಸ್ಸು ಇವತ್ತು ಹೇಗಿದೆಯೆಂದು ಹೇಳಬಲ್ಲೆ. ರೊಟ್ಟಿಯ ವಿಷಯದಲ್ಲಿ ನನ್ನ ಊಹೆ ಹೆಚ್ಚಾಗಿ ತಪ್ಪುತ್ತಿತ್ತು. ಆದರೆ ಅದನ್ನು ನಾನು ಕಿವಿಯ ದೋಷವೆಂದು ಎಣಿಸದೆ ಹೆಂಡತಿಯ ಸ್ವಭಾವದ ದೋಷವೆಂದು ಬಗೆದು ನೆಮ್ಮದಿಯಿಂದಿದ್ದೆ.

ಇದು ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಗುಡಗೇರಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಪ್ರತಿ ಗುರುವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಆರೇಳು ಜನ ಸೇರಿ ಹಾಡು ಕೇಳುತ್ತಿದ್ದೆವು. ನನ್ನ ಟೇಪ್ ರೆಕಾರ್ಡರಿನ ಹಿಂದೆ ಮಾವನವರು ಕೊಟ್ಟ ಹಳೆಯ ವಾಲ್ವ್ ರೇಡಿಯೋ ಜೋಡಿಸಿ, ಅದರಿಂದ ಎರಡು ಸ್ಪೀಕರಿಗೆ ವೈರು ಎಳೆದಿದ್ದೆ. ಸ್ಪೀಕರಿನ ಪೆಟ್ಟಿಗೆಗಳನ್ನು ಕಲಘಟಗಿಯಲ್ಲಿ ತೊಟ್ಟಿಲು ಮಾಡುವವರ ಕಡೆಯಿಂದ ಮಾಡಿಸಿದ್ದೆ. ಬೇಡ ಬೇಡವೆಂದರೂ ಕೇಳದೆ ಅವರು ಅಂಚಿಗೆಲ್ಲ ಬಣ್ಣದ ಗಿಳಿ ಬರೆದುಕೊಟ್ಟಿದ್ದರು. ಹೊಸಬರು ಯಾರಾದರೂ ಬಂದರೆ ಪೆಟ್ಟಿಗೆಯೊಳಗೆ ಕೂಸು ಮಲಗಿದೆಯೋ ಎಂದು ಒಮ್ಮೆ ಇಣುಕಿ ನೋಡುವುದು ರೂಢಿಯಾಗಿತ್ತು. ಈ ವ್ಯವಸ್ಥೆ ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಮಾವನವರ ರೇಡಿಯೋಕ್ಕೆ ಮುಪ್ಪು ಬಂತು. ಗಾಯಕರು ಯಾವ ರಾಗ ಹಾಡಿದರೂ ಹಿಂದೆ ಹಿಟ್ಟಿನ ಗಿರಣಿ ನಡೆದ ಹಾಗೆ ಗುಂಯ್ ಎಂಬ ಸದ್ದು. ಕಾಳಿನ ವ್ಯಾಪಾರದ ಚನ್ನಬಸಪ್ಪ ಕಾಕಾ ಒಂದು ಗುರುವಾರ ತಲೆದೂಗುವುದನ್ನು ನಿಲ್ಲಿಸಿ ಕೇಳಿಯೇಬಿಟ್ಟ: "ಮಾಸ್ತರ, ಹಾಡು ಮುಗಿಯೂದ್ರಾಗ ಜ್ವಾಳ ಬೀಸಿ ಮುಗಿತೈತೇನ್ರಿ?"

ಅಂದೇ ನಾನು ಹೊಸ ಆಂಪ್ಲಿಫೈಯರ್ ಕೊಳ್ಳುವುದೆಂದು ನಿರ್ಧರಿಸಿದೆ. ಅದಕ್ಕೆ ಬೇಕಾದ ಯೋಗ್ಯತೆ ನನ್ನಲ್ಲಿದೆ ಎಂಬುದರ ಬಗ್ಗೆ ನನಗೆ ಕಿಂಚಿತ್ತೂ ಸಂಶಯವಿರಲಿಲ್ಲ. ಆದರೆ ಈ ಆಂಪ್ಲಿಫೈಯರ್ ಎಂಬುದು ವಿಚಿತ್ರ ಸಾಮಾನು. ನಮ್ಮ ಅಜ್ಜ ಎತ್ತು ಕೊಳ್ಳಲು ಹೋದರೆ ಹಲ್ಲು ನೋಡುತ್ತಿದ್ದ, ಸುಳಿ ನೋಡುತ್ತಿದ್ದ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದ. ಈ ಡಬ್ಬಿಗೆ ಹಲ್ಲಿಲ್ಲ, ಬಾಲವಿಲ್ಲ. ಅದು ತಾನಾಗಿ ಹಾಡುವುದೂ ಇಲ್ಲ. ಟೇಪು ಕೊಟ್ಟದ್ದನ್ನು ಇಸಿದುಕೊಂಡು ಸ್ಪೀಕರಿಗೆ ದಾಟಿಸುವುದಷ್ಟೇ ಅದರ ಕೆಲಸ, ನಮ್ಮ ಕಚೇರಿಗಳಲ್ಲಿ ನಡುವೆ ಕುಳಿತ ಕಾರಕೂನರ ಹಾಗೆ. ಒಳ್ಳೆಯವನೋ ಕೆಟ್ಟವನೋ ಎಂಬುದು ಕಾಗದ ಆಚೆಗೆ ಹೋದ ಮೇಲೆಯೇ ಗೊತ್ತು. ಹುಬ್ಬಳ್ಳಿಯಿಂದ ಒಂದು ಕಂಪನಿಯ ಪತ್ರಿಕೆ ತರಿಸಿಕೊಂಡು ಓದಿದೆ. ಅದರ ತುಂಬ 'ಫಿಡೆಲಿಟಿ' ಎಂಬ ಶಬ್ದ. ಸಾಲೆಯ ನಿಘಂಟು ತೆಗೆದು ನೋಡಿದರೆ 'ಸ್ವಾಮಿನಿಷ್ಠೆ, ಪಾತಿವ್ರತ್ಯ' ಎಂದಿತ್ತು. ತಗಡಿನ ಡಬ್ಬಿಯೊಂದರಿಂದ ಇಷ್ಟೊಂದನ್ನು ಬಯಸುವುದು ಅತಿಯಾಯಿತೇನೋ ಎನಿಸಿದರೂ, ಕೊಳ್ಳುವುದಾದರೆ ಇಂಥದನ್ನೇ ಕೊಳ್ಳಬೇಕೆಂದು ಮನಸ್ಸು ಹಟ ಹಿಡಿಯಿತು. ಪತ್ರಿಕೆಯಲ್ಲಿದ್ದ ವ್ಯಾಟುಗಳ ಲೆಕ್ಕವನ್ನು ಕಾಕಾನಿಗೆ ಓದಿ ಹೇಳಿದೆ. ಆತ ಗಾಬರಿಯಾದ. "ವ್ಯಾಟ್ ಅಂದ್ರ ಬಲ್ಬಿನ್ಯಾಗ ಇರ್ತಾವಲ್ರಿ? ಹಾಡಿನ ಕೂಡ ಬೆಳಕೂ ಬರತೈತೇನು?"

ಹುಬ್ಬಳ್ಳಿಯ ಅಂಗಡಿಯವನು ನಮ್ಮೂರ ಅಳಿಯ. ನಾನು ಮೂರು ಭಾನುವಾರ ಗಾಡಿ ಹತ್ತಿ ಹೋಗಿ ಅವನ ಅಂಗಡಿಯಲ್ಲಿ ಕಣ್ಣುಮುಚ್ಚಿ ಕುಳಿತು ಹಾಡು ಕೇಳಿದೆ. ಕಣ್ಣು ಮುಚ್ಚುವುದು ತಜ್ಞರ ಲಕ್ಷಣವೆಂದು ನನಗೆ ಗೊತ್ತಿತ್ತು. ಎರಡನೆಯ ಭಾನುವಾರ ಊಟ ಭಾರವಾಗಿದ್ದರಿಂದ ನಿದ್ದೆಯೂ ಬಂತು. ಎಚ್ಚರವಾದಾಗ ಅಂಗಡಿಯವನು ಭಕ್ತಿಯಿಂದ ಕೈಕಟ್ಟಿ ನಿಂತಿದ್ದ. ನಾನು ಸಮಾಧಿಯಲ್ಲಿದ್ದೇನೆಂದು ಅವನ ತಿಳುವಳಿಕೆ. ಅಳಿಯ ಎಂಬ ಸಂಕೋಚಕ್ಕೋ, ಪೀಡೆ ತೊಲಗಲಿ ಎಂದೋ, ಕಡೆಗೆ ಅವನೇ ಹೇಳಿದ: "ಮಾವಾರ, ಒಂದು ತಿಂಗಳು ಮನ್ಯಾಗ ಇಟಗೊಂಡು ಕೇಳ್ರಿ. ಮನಸ್ಸಿಗೆ ಬಂದ್ರ ಇಟಗೋರಿ, ಇಲ್ಲಾಂದ್ರ ತಂದುಕೊಡ್ರಿ." ಬೆಳ್ಳಿಯ ಹಾಗೆ ಹೊಳೆಯುವ ಮುಖ, ಸಾಲಾಗಿ ಗುಂಡಿಗಳು, ನಡುವೆ ಕೆಂಪು ದೀಪ. ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಎದುರಿಗೆ ಕುಳಿತ ಹೆಂಗಸೊಬ್ಬಳು ಮೊಮ್ಮಗನಿಗೆ, "ಅಜ್ಜಾರ ಡಬ್ಬಿ ಮುಟ್ಟಬ್ಯಾಡ" ಎಂದಳು. ನನಗಾಗ ನಲವತ್ತೊಂದು. ಡಬ್ಬಿಯ ಸಂಭ್ರಮದಲ್ಲಿ ಆ ಮಾತನ್ನೂ ಕ್ಷಮಿಸಿದೆ.

ನಮ್ಮೂರ ಸಂತೆಯ ಓಣಿಯಲ್ಲಿ ದಸ್ತಗೀರ ಎಂಬವನದೊಂದು ರೇಡಿಯೋ ರಿಪೇರಿಯ ಖೋಲಿ ಇತ್ತು. ಮಾವನವರ ರೇಡಿಯೋವನ್ನು ಇಷ್ಟು ವರ್ಷ ಬದುಕಿಸಿಟ್ಟವನು ಅವನೇ. ಮಾತು ಕಡಿಮೆ, ಕೈ ಚುರುಕು. ನಾನು ಹುಬ್ಬಳ್ಳಿಗೆ ಓಡಾಡುವುದು ಕಿವಿಗೆ ಬಿದ್ದು ಒಂದು ದಿನ ಮನೆಗೆ ಬಂದ. ಬಗಲಲ್ಲಿ ಬಟ್ಟೆ ಸುತ್ತಿದ ಏನೋ ಒಂದು. ಬಿಚ್ಚಿದರೆ ದಪ್ಪ ತಗಡಿನ ಪೆಟ್ಟಿಗೆ, ಕಿಟಕಿಗೆ ಬಳಿಯುವ ಹಸಿರು ಬಣ್ಣ. "ಮಾಸ್ತರ, ನಾನೂ ಒಂದು ಮಾಡೀನ್ರಿ. ನಾಕು ತಿಂಗಳಾತು ಹಿಡದು. ನಿಮ್ಮ ಕಿವಿಗೆ ಒಮ್ಮೆ ಬೀಳ್ಲಿ ಅಂತ ತಂದೆ" ಎಂದ. ನನ್ನ ಕಿವಿಯನ್ನು ಹೀಗೆ ಗೌರವದಿಂದ ಹೆಸರಿಸಿದವನನ್ನು ಬರಿಗೈಯಿಂದ ಕಳಿಸುವುದಾದರೂ ಹೇಗೆ? ಹಸಿರು ಡಬ್ಬಿ ಸುಮಾರಾಗಿರುತ್ತದೆಂದು ಮನಸ್ಸು ಆಗಲೇ ತೀರ್ಪು ಬರೆದಿತ್ತು. ಆದರೂ ನ್ಯಾಯ ನ್ಯಾಯವೇ. ಮುಂದಿನ ಗುರುವಾರ ಎರಡನ್ನೂ ಎಲ್ಲರ ಎದುರಿಗೆ ಪರೀಕ್ಷಿಸೋಣ ಎಂದೆ.

ಪರೀಕ್ಷೆಗೆ ನಾನು ಮಾಡಿಕೊಂಡ ಸಿದ್ಧತೆ ಗಣಿತದ ಮಾಸ್ತರನಿಗೆ ತಕ್ಕುದಾಗಿತ್ತು. ಎರಡು ಡಬ್ಬಿಗಳನ್ನೂ ಕಪಾಟಿನ ಮೇಲೆ ಅಕ್ಕಪಕ್ಕ ಇಟ್ಟೆ. ಒಂದೇ ಟೇಪಿನಿಂದ ಎರಡಕ್ಕೂ ಹಾಡು ಹೋಗುವಂತೆ ಮಾಡಿದೆ. ಪಕ್ಷಪಾತ ಬೇಡವೆಂದು ಎರಡರ ಗುಂಡಿಗಳನ್ನೂ ಒಂದೇ ಮಟ್ಟಕ್ಕೆ ನಿಲ್ಲಿಸಿ, ಸದ್ದು ಏರಿಸುವುದು ಇಳಿಸುವುದು ಟೇಪಿನಲ್ಲಷ್ಟೇ ಎಂದು ಮನೆಯಲ್ಲಿ ಸಾರಿದೆ. ಸ್ಪೀಕರುಗಳನ್ನು ಒಮ್ಮೆ ಈ ಡಬ್ಬಿಗೆ ಒಮ್ಮೆ ಆ ಡಬ್ಬಿಗೆ ಹೊರಳಿಸಲು ಒಂದು ಸ್ವಿಚ್ಚು ಕೂಡಿಸಿದೆ. ವೈರು ಜೋಡಿಸಲು ಕಪಾಟಿನ ಹಿಂದೆ ನುಸುಳಿದೆ, ಜೋಡಿಸಿದ ಮೇಲೆ ಮುಂದೆ ಬಂದು ಸ್ವಿಚ್ಚಿನ ಎರಡು ಕಡೆಗೂ ಚೀಟಿ ಅಂಟಿಸಿದೆ: ಒಂದು ಕಡೆ 'ಕಂ', ಇನ್ನೊಂದು ಕಡೆ 'ದ'.

ಗುರುವಾರ ಪಡಸಾಲೆ ತುಂಬಿತು. ನಮ್ಮ ಹೆಡ್ ಮಾಸ್ತರ ಪಾಟೀಲರು ಬಂದರು, ಕಾಕಾ ಬಂದ, ದಸ್ತಗೀರ ಬಾಗಿಲ ಬಾಜೂಕ್ಕೆ ಗೋಡೆಗಾತು ಕುಳಿತ. ಮೊದಲು ಸ್ವಿಚ್ಚನ್ನು 'ದ' ಕಡೆಗೆ ಒತ್ತಿದೆ. ಎರಡು ನಿಮಿಷ ಕೇಳಿ ಕಣ್ಣು ತೆರೆದು, ದಸ್ತಗೀರನ ಮನಸ್ಸಿಗೆ ನೋವಾಗದಂತೆ ಬಹಳ ಎಚ್ಚರದಿಂದ ಹೇಳಿದೆ: "ಪ್ರಯತ್ನ ಛಲೋ ಐತಿ. ಆದ್ರ ದನಿಯೊಳಗ ಸ್ವಲ್ಪ ತಗಡಿನ ವಾಸನಿ ಬರತೈತಿ." ಎಲ್ಲರೂ ಮೂಗು ಅರಳಿಸಿದಂತೆ ಮಾಡಿ ಹೌದೆಂದರು. ಆಮೇಲೆ 'ಕಂ'. ಆಹಾ! ಗಾಯಕರು ಎದ್ದು ಬಂದು ನಮ್ಮ ಜಮಖಾನೆಯ ಮೇಲೆ ಕುಳಿತ ಹಾಗಾಯಿತು. ನಾನು ನನ್ನನ್ನೇ ಮರೆತೆ. ಅದರ ಗಂಭೀರತೆ, ಅದರ ನಿಲುವು, ಸ್ವರ ಸ್ವರದ ನಡುವೆ ಅದು ಬಿಡುವ ಜಾಗ ಎಂದೆಲ್ಲ ಹತ್ತು ನಿಮಿಷ ಹೊಗಳಿದೆ. "ಇದನ್ನ ಮಾಡಿದವರು ಬರೇ ಎಂಜಿನಿಯರ್ ಅಲ್ಲ, ರಸಿಕರು" ಎಂದೂ ಹೇಳಿದೆ. ಅಷ್ಟರಲ್ಲಿ ಚಹಾ ತಂದ ನನ್ನ ಹೆಂಡತಿ ಶಾಂತಾ ತಾಟು ಹಿಡಿದುಕೊಂಡೇ ನಿಂತು, "ಅಲ್ರಿ, ಮೊನ್ನಿ ಸಂತಿ ದಿನ ದಸ್ತಗೀರನ ಅಂಗಡ್ಯಾಗ ಹಚ್ಚಿದ್ದ ದನಿ ಹಿಂಗ ಇತ್ತಲ್ಲ?" ಎಂದಳು. "ಚಹಾ ಆರತೈತಿ, ಕೊಡು" ಎಂದೆ. ಆಮೇಲೆ ದಸ್ತಗೀರನ ಕಡೆ ತಿರುಗಿ, "ನೀ ಏನಂತಿ?" ಎಂದು ಕೇಳಿದೆ. ಅವನು ತಲೆ ತಗ್ಗಿಸಿ, ಮೀಸೆಯಡಿಯಲ್ಲೇ ನಕ್ಕು, "ಈಗ ನೀವು ಹೇಳಿದ್ದು ಅಗದಿ ಬರೋಬ್ಬರಿ ಐತ್ರಿ ಮಾಸ್ತರ. ಇನ್ನೂ ಸ್ವಲ್ಪ ಹೇಳ್ರಿ" ಎಂದ. ಸೋತವನಲ್ಲೂ ಎಂಥ ವಿನಯ ಎಂದು ನನಗೆ ಕಣ್ಣು ತುಂಬಿ ಬಂತು. ಇನ್ನೂ ಸ್ವಲ್ಪ ಹೇಳಿದೆ.

ಅಂಗಡಿ ಮುಚ್ಚಬೇಕೆಂದು ಅವನು ಎದ್ದುಹೋದ ಮೇಲೆ ಪಾಟೀಲರು ನನ್ನನ್ನು ಬದಿಗೆ ಕರೆದರು. "ಈ ವರ್ಷದ ಗ್ಯಾದರಿಂಗಿನ ಕಾರ್ಯಕ್ರಮಕ್ಕ ಸಾಲಿಗೆ ಒಂದು ಸೆಟ್ ಬೇಕಾಗೈತ್ರಿ. ದಸ್ತಗೀರಗ ಮಾಡಾಕ ಹೇಳಿದ್ದೆ. ನೀವು ಹಿಂಗ ಅಂದ ಮ್ಯಾಲೆ ಅದು ಬ್ಯಾಡ. ಹುಬ್ಬಳ್ಳಿಯಿಂದ ಕಂಪನೀದ ತರೂಣು." ನನ್ನ ಮಾತಿಗೆ ಸಾಲೆಯೇ ನಡೆಯುತ್ತದೆಂಬ ಹೆಮ್ಮೆಯಲ್ಲಿ ನಾನು ಹೂಂ ಎಂದೆ. ದಸ್ತಗೀರನ ಮುಖ ಒಮ್ಮೆ ಕಣ್ಣ ಮುಂದೆ ಬಂತು. ಆದರೆ ಸಂಗೀತದ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು ಎಂದು ಅದನ್ನು ಬದಿಗೆ ಸರಿಸಿದೆ.

ಹತ್ತು ದಿನ ಪರಮಸುಖ. ದಸ್ತಗೀರ ತನ್ನ ಡಬ್ಬಿ ಒಯ್ಯಲು ಬರಲಿಲ್ಲ, ನಾನೂ ಅದರ ವೈರು ಕೀಳಲಿಲ್ಲ. ಹನ್ನೊಂದನೆಯ ದಿನ ಭಾನುವಾರ. ಬೆಳಿಗ್ಗೆ ಹಾಡು ಹಚ್ಚಿಕೊಂಡು ಕುಳಿತಿದ್ದೆ. ಶಾಂತಾ ಕಸ ಗುಡಿಸುತ್ತಿದ್ದಳು. ಕಪಾಟಿನ ಹತ್ತಿರ ಬಂದು, "ಈ ಕಂಪನಿ ಡಬ್ಬಿ ಹಿಂದ ಜ್ಯಾಡ ಹಣದೈತಿ. ಸ್ವಲ್ಪ ಎತ್ರಿ" ಎಂದಳು. "ಹಾಡು ನಿಂತು ಹೋಗತೈತಲ್ಲೇ" ಎಂದು ಗೊಣಗುತ್ತ ಎದ್ದು, ಕಂಪನಿ ಸೆಟ್ಟಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತೆ. ಕೆಂಪು ದೀಪ ಆರಿತು. ಡಬ್ಬಿಯನ್ನು ಎತ್ತಿ ಎದೆಗವಚಿಕೊಂಡೆ.

ಹಾಡು ನಿಲ್ಲಲಿಲ್ಲ.

ಶಾಂತಾ ಕಸಬರಿಗೆ ಹಿಡಿದು ನಿಂತಳು. ನಾನು ಡಬ್ಬಿ ಹಿಡಿದು ನಿಂತೆ. ಗಾಯಕರು ಅದೇ ಗಂಭೀರತೆಯಿಂದ, ಅದೇ ನಿಲುವಿನಿಂದ, ಸ್ವರ ಸ್ವರದ ನಡುವೆ ಅಷ್ಟೇ ಜಾಗ ಬಿಡುತ್ತ ಹಾಡಿದರು. ಸ್ವಿಚ್ಚು 'ಕಂ' ಎಂಬಲ್ಲಿಯೇ ಇತ್ತು. ಹಸಿರು ಡಬ್ಬಿ ಮಾತ್ರ ಏನೂ ಅರಿಯದ ಹಾಗೆ ಬೆಚ್ಚಗೆ ಕುಳಿತಿತ್ತು. ಕಪಾಟಿನ ಹಿಂದೆ ನಿಂತು ವೈರು ಜೋಡಿಸುವವನ ಬಲಗೈ, ಮುಂದೆ ಬಂದು ನಿಂತವನ ಎಡಕ್ಕೆ ಬರುತ್ತದೆ. ಎಂಟನೆಯ ಇಯತ್ತೆಯ ಹುಡುಗರಿಗೆ ಕನ್ನಡಿಯ ಉದಾಹರಣೆ ಕೊಟ್ಟು ವರ್ಷ ವರ್ಷವೂ ಇದನ್ನು ಕಲಿಸುತ್ತ ಬಂದವನು ನಾನೇ. ಶಾಂತಾ, "ಕಾಲು ಸ್ವಲ್ಪ ಸರಸ್ರಿ" ಎಂದು ಜೇಡರ ಬಲೆ ತೆಗೆದು ಮುಂದೆ ಹೋದಳು. ನಾಲ್ಕು ಮಾತು ಅಂದಿದ್ದರೂ ಚೆನ್ನಾಗಿತ್ತು.

ಸತ್ಯ ಗೊತ್ತಾದೊಡನೆ ನಾನು ಮಾಡಿದ ಮೊದಲ ಕೆಲಸವೆಂದರೆ ಚೀಟಿಗಳನ್ನು ಅದಲು ಬದಲು ಮಾಡಿದ್ದು. ಎರಡು ದಿನ ಅಪ್ಪಟ ಕಂಪನಿಯ ದನಿಯನ್ನೇ ಕೇಳಿದೆ. ಹಿಂದೆ ತಗಡಿನ ವಾಸನೆ ಬಂದಿದ್ದ ಅದೇ ದನಿ ಈಗ, ಹೆಸರು ಬದಲಾದೊಡನೆ, ಗಂಧ ತೇಯ್ದ ಹಾಗೆ ಬರತೊಡಗಿತು! ನನ್ನ ಕಿವಿಗೆ ಓದು ಬರಹ ಬರುತ್ತದೆಂಬುದು ಅಂದು ತಿಳಿಯಿತು. ಅದು ಹಾಡು ಕೇಳುತ್ತಿರಲಿಲ್ಲ, ಚೀಟಿ ಓದುತ್ತಿತ್ತು. ಇಷ್ಟಾದರೂ ನಾನು ಸುಮ್ಮನೆ ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಮಂಗಳವಾರ ಸಂತೆಯ ಓಣಿಯಲ್ಲಿ ಬರುವಾಗ ದಸ್ತಗೀರನ ಖೋಲಿಯ ಮುಂದೆ ಮಡಚಿ ರಂಧ್ರ ಕೊರೆದ ದೊಡ್ಡ ತಗಡು ಗೋಡೆಗೆ ಒರಗಿ ನಿಂತಿದ್ದು ಕಂಡಿತು. ಸಾಲೆಯ ಸೆಟ್ಟಿಗೆಂದು ಕತ್ತರಿಸಿದ್ದು. ಅದರ ಮೇಲೆ ಒಂದು ಬೆಕ್ಕು ಬೆನ್ನು ಉಜ್ಜುತ್ತಿತ್ತು. ಕಾಲು ಮುಂದೆ ಹೋಗಲಿಲ್ಲ.

ಒಳಗೆ ಹೋಗಿ ಸ್ಟೂಲಿನ ಮೇಲೆ ಕುಳಿತು, ಪೀಠಿಕೆ ಹಾಕಿ, ವಿಜ್ಞಾನದ ಪರೀಕ್ಷೆಗಳಲ್ಲಿ ಆಗುವ ಸಹಜ ದೋಷಗಳ ಬಗ್ಗೆ ಸ್ವಲ್ಪ ಮಾತಾಡಿ, ಕೊನೆಗೆ ವಿಷಯ ಹೇಳಿದೆ. ದಸ್ತಗೀರ ಕೈಯೊಳಗಿನ ಕೆಲಸ ಬಿಡಲಿಲ್ಲ. "ಗೊತ್ತೈತ್ರಿ" ಎಂದ.

"ಹ್ಯಾಂಗ ಗೊತ್ತಾತು?"

"ನಾಕು ತಿಂಗಳು ಹಗಲೆಲ್ಲಾ ಅದರ ಮುಂದ ಕುಂತೀನ್ರಿ. ನಮ್ಮ ಮನಿ ಮಕ್ಕಳ ದನಿ ನಮಗ ತಿಳಿಯಂಗಿಲ್ಲೇನ್ರಿ?"

"ಮತ್ತ ಅಲ್ಲೇ ಹೇಳಬೇಕಿಲ್ಲ ಮಾರಾಯ?"

ಅವನು ಈಗ ತಲೆ ಎತ್ತಿದ. "ನೀವು ಅಷ್ಟು ಮಂದಿ ಮುಂದ ನನ್ನ ಡಬ್ಬಿ ಹೊಗಳಾಕತ್ತಿದ್ರಿ. ನಡಕ ಬಾಯಿ ಹಾಕಿದ್ರ ನಿಂತು ಹೋಗತಿತ್ತಲ್ರಿ. ಇಷ್ಟು ವರ್ಷ ಇಲ್ಲಿ ಕುಂತೀನಿ, ಕೆಟ್ಟೈತಿ ಅಂತ ಹೇಳಾಕ ಎಲ್ಲಾರೂ ಬರ್ತಾರ. ಛಲೋ ಐತಿ ಅಂತ ಹೇಳಾಕ ಯಾರ್ ಬರ್ತಾರ್ರಿ? ಅದಕ್ಕ ಇನ್ನೂ ಸ್ವಲ್ಪ ಹೇಳ್ರಿ ಅಂದೆ." ಮತ್ತೆ ಕೆಲಸಕ್ಕೆ ಕೈ ಹಾಕುತ್ತ ಹೇಳಿದ: "ಸಾಲಿ ಕೆಲಸ ಹೋಗತೈತಿ ಅಂತ ಗೊತ್ತಿರಲಿಲ್ರಿ. ಆಮ್ಯಾಲೆ ನಾನು ಬಂದು ಹೇಳಿದ್ರ, ಹೊಟ್ಟಿಕಿಚ್ಚಿಗೆ ಹೇಳ್ತಾನ ಅಂತಿದ್ರಿ."

ನಾನು ತಪ್ಪಾಯಿತೆಂದೆ. ಅವನು ಸಮಾಧಾನದಿಂದಲೇ ಹೇಳಿದ: "ನನಗ ಹೇಳಿ ಏನ್ ಮಾಡ್ತೀರಿ ಮಾಸ್ತರ? ನನಗ ಗೊತ್ತೈತಿ. ಗೊತ್ತಿಲ್ಲದವರಿಗೆ ಹೇಳ್ರಿ."

ಗೊತ್ತಿಲ್ಲದವರು ಗುರುವಾರ ಬಂದರು, ಗೊತ್ತಿದ್ದ ದಸ್ತಗೀರನೂ ಬಂದ. ಇಪ್ಪತ್ತು ವರ್ಷ ಹಲಗೆಯ ಮುಂದೆ ನಿಂತು ಮಾತಾಡಿದವನಿಗೆ ಆ ನಾಲ್ಕು ವಾಕ್ಯ ಹೇಳುವುದು ಎಷ್ಟು ಕಷ್ಟವಾಯಿತೆಂದರೆ, ನಡುವೆ ಎರಡು ಸಲ ನೀರು ಕುಡಿದೆ. ಅಂತೂ ಹೇಳಿ ಮುಗಿಸಿದೆ. ಕಾಕಾ ಮೊದಲು ಮಾತಾಡಿದ: "ಹಂಗಾದ್ರ ಆವತ್ತು ನಮಗೆಲ್ಲಾ ತಗಡಿನ ವಾಸನಿ ಬಂತಲ್ರಿ, ಅದು ಎಲ್ಲಿಂದ ಬಂತು?" ಎಲ್ಲರೂ ಹೌದೆಂದವರೇ. ಪಾಟೀಲರು ಚಿಂತೆಯಿಂದ ಗಡ್ಡ ಕೆರೆದುಕೊಂಡು, "ಈಗ ಸಾಲಿಗೆ ಯಾವುದು ತರೂದು? ಯಾರ ಕಿವಿ ನಂಬೂದ್ರಿ?" ಎಂದರು. ಚಹಾದ ತಾಟು ಆಗ ಒಳಗೆ ಬಂತು. ನಾನು ತಾಟನ್ನು ಇಸಿದುಕೊಂಡೆ. "ಇಕೀಗೆ ಕೇಳ್ರಿ" ಎಂದೆ.

ಶಾಂತಾ ಮೊದಲು ಒಲ್ಲೆನೆಂದಳು. ಒಲೆಯ ಮೇಲೆ ಬೇಳೆ ಇದೆ ಎಂದಳು. ಕಡೆಗೆ ಸೆರಗು ಸರಿಪಡಿಸಿಕೊಂಡು, ಕಪಾಟಿಗೆ ಬೆನ್ನು ಮಾಡಿ ಕುಳಿತಳು. ಈ ಸಲ ವೈರು ಜೋಡಿಸಿದವನು ದಸ್ತಗೀರ. ಪಾಟೀಲರು ಸ್ವಿಚ್ಚು ಹಿಡಿದರು. ಚೀಟಿ ಗೀಟಿ ಏನೂ ಇರಲಿಲ್ಲ. ಆರು ಸಲ ಕೇಳಿಸಿದರು. "ಇದು ಕಂಪನೀದು... ಇದು ದಸ್ತಗೀರಂದು... ಇದೂ ದಸ್ತಗೀರಂದ, ನೀವು ಹೊರಳಿಸೇ ಇಲ್ರಿ" ಎಂದಳು. ಆರಕ್ಕೆ ಆರೂ ಸರಿ. ಪಾಟೀಲರ ಬಾಯಿ ತೆರೆದೇ ಇತ್ತು. "ಎರಡೂ ಛಲೋ ಅದಾವ್ರಿ," ಎಂದಳು ಅವಳು ಏಳುತ್ತ. "ಕಂಪನೀದು ಎಲ್ಲಾರನ್ನೂ ಒಂದ ಥರಾ ಚಂದ ಮಾಡಿ ಕೇಳಸ್ತೈತಿ. ಇದು ಹಾಡವರು ಉಸುರು ತಗೊಳ್ಳೂದು ಸೈತ ಕೇಳಸ್ತೈತಿ. ಸಾಲಿಗೆ ಇದ ಇರಲಿ. ಕೆಟ್ಟರ, ಮಾಡಿದಾಂವ ಊರಾಗ ಅದಾನ." ಗೋಡೆಗೆ ಒರಗಿದ್ದ ದಸ್ತಗೀರ ಮುಖ ತಿರುಗಿಸಿಕೊಂಡು ಟೋಪಿಯಿಂದ ಕಣ್ಣು ಒರೆಸಿಕೊಂಡ, ನನ್ನ ಹತ್ತು ನಿಮಿಷದ ಹೊಗಳಿಕೆಗೆ ಬರೇ ನಕ್ಕಿದ್ದವನು.

ಎಲ್ಲರೂ ಹೋದ ಮೇಲೆ ನಾನು ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಕೇಳಿದೆ. "ಇದೆಲ್ಲಾ ನಿನಗ ಹ್ಯಾಂಗ ಗೊತ್ತಾಗತೈತಿ?" ಅವಳು ಬೇಳೆ ಕಡೆಯುತ್ತ, "ಹನ್ನೆರಡು ವರ್ಷ ನೀವು ಹೊರಗ ಕುಂತು ಮಾತಾಡಕೋತ ಕೇಳೀರಿ. ನಾ ಒಳಗ ಸುಮ್ಮನ ಕೇಳೀನಿ" ಎಂದಳು. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಅವಳಿಗೆ ಯಾವ ಹಾಡು ಬೇಕೆಂದು ಕೇಳಿರಲಿಲ್ಲ ಎಂಬುದು ಆಗ ನೆನಪಾಯಿತು. ಕೇಳಿದೆ. ಹೇಳಿದಳು. ಆ ಕ್ಯಾಸೆಟ್ಟು ನನ್ನ ಬಳಿ ಇರಲೇ ಇಲ್ಲ.

ಅದನ್ನು ತರಲು ಹುಬ್ಬಳ್ಳಿಗೆ ಹೋದಾಗ ಕಂಪನಿ ಸೆಟ್ಟನ್ನೂ ಮರಳಿ ಒಯ್ದೆ. "ಏನರ ದೋಷ ಐತೇನ್ರಿ ಮಾವಾರ?" ಎಂದು ಅಳಿಯ ಗಾಬರಿಯಿಂದ ಕೇಳಿದ. "ಡಬ್ಬಿಯೊಳಗ ಏನೂ ಇಲ್ಲಪಾ" ಎಂದಷ್ಟೇ ಹೇಳಿ ಇಳಿದು ಬಂದೆ. ಹಸಿರು ಡಬ್ಬಿ ನಮ್ಮ ಮನೆಯಲ್ಲೇ ಉಳಿಯಿತು. ದಸ್ತಗೀರ ಸಾಲೆಯ ಸೆಟ್ಟನ್ನು ಗ್ಯಾದರಿಂಗಿಗೆ ನಾಲ್ಕು ದಿನ ಮೊದಲೇ ಮುಗಿಸಿದ. ಆನೆಯ ಮರಿಯಷ್ಟು ದೊಡ್ಡದು, ಅದೇ ಹಸಿರು ಬಣ್ಣ.

ಸೆಟ್ಟಿನ ಮೊದಲ ಭಾಷಣ ನನ್ನದೇ ಆಗಬೇಕೆಂದು ಪಾಟೀಲರು ಪಟ್ಟು ಹಿಡಿದರು. ನಾನು ಅಷ್ಟೇನೂ ಪ್ರತಿಭಟಿಸಲಿಲ್ಲ. ಕಿವಿಯ ಮೇಲಿನ ಅಭಿಮಾನ ಹೋದ ಮೇಲೆ ಮನುಷ್ಯನಿಗೆ ಇನ್ನೊಂದು ಅಂಗ ಬೇಕಲ್ಲ. ನಾನು ಗಂಟಲನ್ನು ಆರಿಸಿಕೊಂಡಿದ್ದೆ. 'ಗಣಿತ ಮತ್ತು ಜೀವನ' ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ನಿರರ್ಗಳವಾಗಿ ಮಾತಾಡಿದೆ. ನನ್ನ ದನಿ ಮೈದಾನ ದಾಟಿ ನಿಲ್ದಾಣದ ತನಕ ಹೋಗುವುದು ನನಗೇ ಕೇಳುತ್ತಿತ್ತು. ಮನೆಗೆ ಬಂದವನೇ, ಅಂಗಿ ಕಳಚುವ ಮೊದಲೇ, ಊರಿನ ಅತ್ಯುತ್ತಮ ಕಿವಿಯ ಮುಂದೆ ಹೋಗಿ ನಿಂತೆ. "ಹ್ಯಾಂಗ ಬಂತು?"

ಶಾಂತಾ ಸ್ವಲ್ಪ ವಿಚಾರ ಮಾಡಿದಳು. ಆತುರದಿಂದ ಅಭಿಪ್ರಾಯ ಕೊಡುವ ಸ್ವಭಾವ ಅವಳದಲ್ಲ.

"ಡಬ್ಬಿ ಭಾಳ ಛಲೋ ಮಾಡ್ಯಾನ್ರಿ ದಸ್ತಗೀರ," ಎಂದಳು. "ಕಟ್ಟಕಡೀಗೆ ಕುಂತವರಿಗೂ ನೀವು ಅಂದದ್ದು ಒಂದೊಂದು ಮಾತೂ ಸ್ವಚ್ಛ ಕೇಳಿಸ್ತು. ಅದ ಒಂದು ತ್ರಾಸಾತು ನೋಡ್ರಿ."